ಮೊಲ, ಮಠ ಮತ್ತು ಮನೆಯ ಗೂಡು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಹಠಮಾರಿಯನ್ನು ಹಂಗಿಸಲು ಅದನ್ನು ಹೇಳುತ್ತಾರೆ. ಆದರೆ ಮೊಲ ಹಿಡಿದವನು ಯಾರು, ಯಾರ ಹೊಲದಲ್ಲಿ ಹಿಡಿದ, ಹಿಡಿದ ಮೇಲೆ ಅದು ಅವನ ಮನೆಯ ಗಡಿಗೆಗೆ ಬಂತೋ ಇಲ್ಲಾ ಒಡೆಯನ ಹಿತ್ತಲಿಗೆ ಹೋಯಿತೋ ಎಂದು ಯಾವ ಮೇಷ್ಟರೂ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ವಿಜಯನಗರದ ಕತೆಯೂ ಅಷ್ಟೆ. ಮೊಲವೊಂದು ಬೇಟೆನಾಯಿಗಳನ್ನೇ ತಿರುಗಿ ಅಟ್ಟಿಸಿಕೊಂಡು ಬಂತಂತೆ. ಅದನ್ನು ಕಂಡ ಅಣ್ಣತಮ್ಮಂದಿರು ಇದು ಗಂಡುಭೂಮಿ ಎಂದು ಅಲ್ಲೇ ರಾಜಧಾನಿ ಕಟ್ಟಿದರಂತೆ. ಅರಸರ ಹೆಸರು ಪರೀಕ್ಷೆಗೆ ಬರುತ್ತದೆ. ನಾಯಿಯ ಹಗ್ಗ ಹಿಡಿದುಕೊಂಡು ಮುಳ್ಳಿನಲ್ಲಿ ಓಡಿದವನ ಹೆಸರು ಬರುವುದಿಲ್ಲ.

ನಾವು ಈ ಲೇಖನಕ್ಕೆ ಕೂತದ್ದು ಪುಸ್ತಕದಿಂದಲ್ಲ, ಒಂದು ಗೂಡಿನಿಂದ. ನಾವು ಹೈಸ್ಕೂಲಿನಲ್ಲಿದ್ದಾಗ ನಮ್ಮ ಹಟ್ಟಿಯ ಕೆಲವು ಮನೆಗಳಿಗೆ ಮಾಂಸಕ್ಕೆ ಮೊಲ ಸಾಕಿಕೊಳ್ಳಿ ಎಂದು ಕೊಟ್ಟರು. ಮನೆಗೊಂದು ತಂತಿ ಜಾಲರಿಯ ಗೂಡು, ಮೂರು ಹೆಣ್ಣು, ಒಂದು ಗಂಡು. ಹಾಲಿನಂಥ ಬಿಳುಪು, ಕೆಂಡದಂಥ ಕಣ್ಣು. 'ಇದ್ಯಾವ ಮೊಲಾನಪ್ಪ, ನಿದ್ದೆಗೆಟ್ಟೋರ ಕಣ್ಣಿದ್ದಂಗೈತಲ್ಲ' ಅಂದಳು ನಮ್ಮವ್ವ. ಮರಿ ಬಲಿತ ಮೇಲೆ ನಾವೇ ಕೊಂಡುಕೊಳ್ಳುತ್ತೇವೆ ಎಂದು ಫೋಟೋ ತೆಗೆಸಿಕೊಂಡು ಹೋದವರು ತಿರುಗಿ ಆ ಕಡೆ ಬರಲಿಲ್ಲ. ಮೊದಲ ಬೇಸಿಗೆಯಲ್ಲಿ ಶೀಟಿನ ಮಾಡಿನ ಕೆಳಗೆ ಕಾವು ತಡೆಯಲಾರದೆ ಒಂದು ಹೆಣ್ಣು ಸತ್ತಿತು. ಅದರ ಹಿಂದೆಯೇ ಗಂಡೂ ಸತ್ತಿತು. ಉಳಿದ ಮರಿಗಳನ್ನು ಸಾಕಿ ನಾವೇ ತಿಂದೆವು. ಹೇಳಲೇಬೇಕಾದ ಮಾತು ಇದು: ಆ ವರ್ಷ ನಮ್ಮ ಮನೆಯಲ್ಲಿ ಹಬ್ಬ ಇಲ್ಲದ ಭಾನುವಾರವೂ ಬಾಡು ಬೆಂದಿತು.

ಆದರೆ ಅವ್ವನ ಕಷ್ಟ ಮೊಲದ ಸಾವಲ್ಲ, ಮೊಲದ ಹೊಟ್ಟೆ. ಅದಕ್ಕೆ ದಿನಾ ಹಸಿರು ಬೇಕು. ನಮಗಿದ್ದದ್ದು ಮನೆ ಕಟ್ಟಿಕೊಂಡ ನಿವೇಶನದ ಮೂರಡಿ ಹಿತ್ತಲು. ಗರಿಕೆ ಇದ್ದದ್ದು ಬೇರೆಯವರ ಬದುವಿನಲ್ಲಿ. ಕುಡುಗೋಲು ಹಿಡಿದು ಹೋದರೆ 'ಯಾವಳೇ ಅದು, ಬದುವಿಗೆ ಕೈ ಹಾಕ್ತಿರೋಳು' ಎಂಬ ಕೂಗು. ಗೂಡು ಸರಕಾರದ್ದು, ಮೊಲ ನಮ್ಮದು, ಹುಲ್ಲು ಯಾರದು? ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಾವು ಕಾಲೇಜಿನ ಗ್ರಂಥಾಲಯದಲ್ಲಿ ಈ ಪ್ರಾಣಿಯ ಚರಿತ್ರೆ ಹುಡುಕಿದೆವು. ಹುಡುಕಿದಷ್ಟೂ ಅದು ನಮ್ಮ ಹಟ್ಟಿಯ ಕತೆಯಂತೆಯೇ ಕಾಣತೊಡಗಿತು. ನಡೆದದ್ದು ಮಾತ್ರ ಸಮುದ್ರದಾಚೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿಗೆ ಮೊಲ ಎಂಬ ಒಂದೇ ಹೆಸರಿದೆ. ನಮ್ಮ ಕುರುಚಲಿನಲ್ಲಿ, ಹುರುಳಿ ಹೊಲದಲ್ಲಿ ಕಾಲಬುಡದಿಂದ ಎದ್ದು ಓಡುವ ಕಂದು ಮೊಲ ಬಿಲ ತೋಡುವುದಿಲ್ಲ. ಹುಲ್ಲಿನಲ್ಲಿ ಮೈ ಒತ್ತಿ ಮಾಡಿಕೊಂಡ ತಗ್ಗೇ ಅದರ ಮನೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತದೆ. ಗೂಡಿನ ಮೊಲದ ಕುಲವೇ ಬೇರೆ. ಅದರ ಪೂರ್ವಿಕರು ಸ್ಪೇನು, ಪೋರ್ಚುಗಲ್ಲಿನ ಕಡೆಯ ನೆಲದೊಳಗೆ ಬಿಲ ತೋಡಿ ಗುಂಪಾಗಿ ಬಾಳುವವರು. ಮರಿ ಕಣ್ಣು ಮುಚ್ಚಿಕೊಂಡು, ಕೂದಲಿಲ್ಲದೆ, ಇಲಿಮರಿಯ ಹಾಗೆ ಕೆಂಪಗೆ ಹುಟ್ಟುತ್ತದೆ. ಇವೆರಡನ್ನೂ ಕೂಡಿಸಿದರೆ ಮರಿಯಾಗದು. ನಮ್ಮ ಕಾಡುಮೊಲ ಎಂದೂ ಮನೆಯ ಪ್ರಾಣಿಯಾಗಲಿಲ್ಲ. 1972ರ ವನ್ಯಜೀವಿ ಕಾಯಿದೆ ಮತ್ತು ಅದರ ತಿದ್ದುಪಡಿಗಳು ಬಂದ ಮೇಲೆ ಅದನ್ನು ಹಿಡಿಯುವುದೇ ಅಪರಾಧ. ನಮ್ಮ ತಾತನ ಬಲೆ ಅಟ್ಟ ಸೇರಿತು. ಇತ್ತ ರಾಜಸ್ಥಾನದ ಅವಿಕಾನಗರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ, ಕೊಡೈಕನಾಲ್ ಬೆಟ್ಟಸಾಲಿನ ಮನ್ನವನೂರಿನ ಅದರ ಕೇಂದ್ರ, ಇಂಥ ಕಡೆಗಳಲ್ಲಿ ಸೋವಿಯತ್ ಚಿಂಚಿಲ್ಲಾ, ನ್ಯೂಜಿಲೆಂಡ್ ವೈಟ್, ವೈಟ್ ಜೈಂಟ್ ಎಂಬ ಹೊರಗಿನ ತಳಿಗಳನ್ನು ಸಾಕಿ ಬಡವರ ಮಾಂಸವೆಂದು ಹಂಚತೊಡಗಿದರು. ಹೆಸರಿನಲ್ಲೇ ಪರದೇಶ ಇದೆ ನೋಡಿ.

ಈ ಪರದೇಶಿ ಮೊಲವನ್ನು ಮೊದಲು ಮನೆಗೆ ತಂದವರು ಯಾರು? ಹೆಚ್ಚಿನ ಪುಸ್ತಕಗಳಲ್ಲಿ ಒಂದೇ ಉತ್ತರ. ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿಯು ಮೊಲದ ಎಳೆಯ ಮರಿ ಮಾಂಸವಲ್ಲ, ಮೀನಿಗೆ ಸಮ ಎಂದು ಅಪ್ಪಣೆ ಕೊಟ್ಟನಂತೆ. ಉಪವಾಸದ ಕಾಲದಲ್ಲಿ ಮಾಂಸ ಮುಟ್ಟಬಾರದ ಫ್ರಾನ್ಸಿನ ಸನ್ಯಾಸಿಗಳು ಇದೇ ಸಂದೆಂದು ಮಠಗಳಲ್ಲಿ ಮೊಲ ಸಾಕಿದರಂತೆ. ಹಾಗೆ ಕಾಡಿನ ಮೊಲ ನಾಡಿನ ಮೊಲವಾಯಿತಂತೆ. ಈ ಕತೆಯನ್ನು ವಿಜ್ಞಾನಿಗಳೂ ನಂಬಿಕೊಂಡಿದ್ದರು. 2018ರಲ್ಲಿ ಆಕ್ಸ್‌ಫರ್ಡಿನ ಕೆಲವು ಸಂಶೋಧಕರು ಅದರ ಬೇರು ಹುಡುಕಿಕೊಂಡು ಹೋದಾಗ ಅಂಥ ಅಪ್ಪಣೆಯೇ ಸಿಗಲಿಲ್ಲ. ಸಿಕ್ಕಿದ್ದು ತೂರ್ ಎಂಬ ಊರಿನ ಗ್ರೆಗರಿ, ಪೋಪ್ ಅಲ್ಲದ ಬೇರೊಬ್ಬ ಬಿಷಪ್, 6ನೆಯ ಶತಮಾನದಲ್ಲಿ ಬರೆದ ಒಂದು ಮಾತು. ಒಬ್ಬ ದರ್ಪದ ಮನುಷ್ಯ ಉಪವಾಸದ ಕಾಲದಲ್ಲಿ ಮೊಲದ ಮರಿ ತಿಂದ ಎಂದು ಅದರಲ್ಲಿದೆ. ಎರಡು ಗ್ರೆಗರಿಗಳನ್ನು ಯಾರೋ ಒಂದು ಮಾಡಿದರು, ಉಳಿದವರು ಅದನ್ನೇ ನಕಲು ಮಾಡಿಕೊಂಡು ಬಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಹಠಮಾರಿ ಹಳ್ಳಿಗನಿಗಿಂತ ಚರಿತ್ರೆಕಾರರಿಗೇ ಚೆನ್ನಾಗಿ ಒಪ್ಪುತ್ತದೆ.

ಅದೇ ಸಂಶೋಧಕರು ಇನ್ನೊಂದು ಮಾತು ಹೇಳಿದರು. ಮೊಲವನ್ನು ಪಳಗಿಸಿದ್ದು ಇಂಥ ವರ್ಷ, ಇಂಥ ಜಾಗದಲ್ಲಿ, ಇಂಥವನು ಎಂದು ಬೆರಳು ತೋರಿಸಲು ಬರುವುದಿಲ್ಲ. ರೋಮನ್ನರು ಗೋಡೆ ಕಟ್ಟಿದ ಬಯಲಲ್ಲಿ ಇಟ್ಟರು, ಮಧ್ಯಯುಗದವರು ಕಾವಲು ಹಾಕಿ ಇಟ್ಟರು, ಆಮೇಲಿನವರು ಗೂಡಿಗೆ ತಂದರು. ಶತಮಾನಗಳ ಉದ್ದಕ್ಕೂ ನಿಧಾನವಾಗಿ ನಡೆದ ಕೆಲಸ ಅದು. ಅಂದರೆ ದಿನಾ ಸೊಪ್ಪು ಕುಯ್ದು ತಂದವರ, ಹಿಕ್ಕೆ ಬಳಿದವರ, ಗಬ್ಬದ ಮೊಲಕ್ಕೆ ಒಣಹುಲ್ಲು ಹಾಸಿದವರ ಕೆಲಸ. ಅಂಥ ಕೆಲಸಕ್ಕೆ ಸಹಿ ಇರುವುದಿಲ್ಲ, ಮೊಹರು ಇರುವುದಿಲ್ಲ. ಪೋಪನ ಸುಳ್ಳು ಅಪ್ಪಣೆಗೆ ಇದ್ದ ಜಾಗ ಆ ಹೆಂಗಸರಿಗೆ ಚರಿತ್ರೆಯಲ್ಲಿ ಇಲ್ಲ.

ಇಂಗ್ಲೆಂಡಿಗೆ ಬರೋಣ. ಅಲ್ಲಿಯ ಕತೆ ನಮಗೆ ಹೆಚ್ಚು ವಿವರವಾಗಿ ಸಿಗುತ್ತದೆ. ನಮ್ಮನ್ನು ಆಳಿದವರ ನಾಡು ಎಂದು ಮಾತ್ರವಲ್ಲ, ತಮ್ಮ ಬಡವರನ್ನು ಅವರು ಹೇಗೆ ಆಳಿದರೆಂದು ನೋಡುವುದಕ್ಕೂ ಅದು ಬೇಕು.

ಇಂಗ್ಲೆಂಡಿನಲ್ಲಿ ಮೊಲವನ್ನು ನೆಲೆಗೊಳಿಸಿದವರು 12ನೆಯ ಶತಮಾನದ ನಾರ್ಮನ್ ದೊರೆಗಳು. ಚಳಿ ಮಳೆಗೆ ಅದು ಮೊದಮೊದಲು ತಾಳಲಿಲ್ಲ. ಮಣ್ಣಿನ ದಿಬ್ಬ ಏರಿಸಿ, ಬಿಲ ತೋಡಿಕೊಳ್ಳಲು ಸಡಿಲ ಮಾಡಿಕೊಟ್ಟು, ಕಾವಲುಗಾರರನ್ನು ಇಟ್ಟು ಬೆಳೆಸಿದರು. ಅಂಥ ಜಾಗಕ್ಕೆ ಅವರ ಮಾತಿನಲ್ಲಿ ವಾರನ್ ಎನ್ನುತ್ತಾರೆ. ನಮ್ಮಲ್ಲಿ ಅರಸರ ದನಗಳಿಗೆ ಅಮೃತಮಹಲ್ ಕಾವಲು ಇದ್ದ ಹಾಗೆ ಅದು ಮೊಲದ ಕಾವಲು. ಅಲ್ಲಿ ಹಿಡಿಯುವ ಹಕ್ಕು ರಾಜನಿಂದ ಸನದು ಪಡೆದ ಜಮೀನ್ದಾರರದು, ಮಠಗಳದು. ಆಗ ಒಂದು ಮೊಲದ ಬೆಲೆ ಒಂದು ಕೋಳಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಅದು ಔತಣದ ಮಾಂಸ. ಥೆಟ್‌ಫರ್ಡ್ ಎಂಬಲ್ಲಿ 1400ರ ಸುಮಾರಿಗೆ ಮಠದವರು ಮೊಲದ ಕಾವಲುಗಾರನಿಗೆಂದು ಕಟ್ಟಿಸಿದ ಕಲ್ಲಿನ ಮನೆ ಇವತ್ತಿಗೂ ನಿಂತಿದೆ. ಕೋಟೆಯ ಗೋಡೆಯಂಥ ದಪ್ಪ ಗೋಡೆ. ಸುತ್ತಲ ಜೀತದ ರೈತರ ಗುಡಿಸಲುಗಳ ಕುರುಹು ಹುಡುಕಬೇಕಾದರೆ ನೆಲ ಅಗೆಯಬೇಕು.

ಕಾವಲಿನ ಮೊಲಕ್ಕೆ ಗಡಿ ಗೊತ್ತಾಗುವುದಿಲ್ಲ. ರಾತ್ರಿ ಬಂದು ರೈತನ ಪೈರು ಮೇಯುತ್ತದೆ. ರೈತ ಅದನ್ನು ಮುಟ್ಟುವಂತಿಲ್ಲ. ತನ್ನ ಪೈರು ತಿಂದು ಕೊಬ್ಬಿದ ಮಾಂಸ ಒಡೆಯನ ತಟ್ಟೆಗೆ ಹೋಗುವುದನ್ನು ಅವನು ನೋಡುತ್ತ ನಿಲ್ಲಬೇಕು. ಹೀಗೆ ನೋಡಿ ನೋಡಿ ಸಾಕಾದ ಜನ 1381ರಲ್ಲಿ ಎದ್ದರು.

ಆ ವರ್ಷದ ರೈತ ದಂಗೆಯನ್ನು ನಮ್ಮ ಬಿ.ಎ. ಪುಸ್ತಕ ತಲೆಗಂದಾಯದ ಗಲಾಟೆ ಎಂದು ನಾಲ್ಕು ಸಾಲಿನಲ್ಲಿ ಮುಗಿಸಿತ್ತು. ಆದರೆ ಸೇಂಟ್ ಆಲ್ಬನ್ಸ್ ಎಂಬ ಊರಿನಲ್ಲಿ ನಡೆದದ್ದು ಓದಿ ನಮಗೆ ಮೈ ಜುಮ್ಮೆಂದಿತು. ಊರೆಲ್ಲ ಮಠಕ್ಕೆ ಸೇರಿದ್ದು. ಜನ ತಮ್ಮ ಕಾಳನ್ನು ಮಠದ ಗಿರಣಿಯಲ್ಲೇ ಬೀಸಿಸಬೇಕು, ಕೂಲಿ ಕಟ್ಟಬೇಕು. ಮನೆಯಲ್ಲಿ ಬೀಸೋ ಕಲ್ಲು ಇಟ್ಟುಕೊಳ್ಳುವಂತಿಲ್ಲ. ದಂಗೆಗೆ ಐವತ್ತು ವರ್ಷ ಹಿಂದೆ ವಾಲಿಂಗ್‌ಫರ್ಡಿನ ರಿಚರ್ಡ್ ಎಂಬ ಮಠಾಧಿಪತಿ ಮನೆಮನೆಯ ಬೀಸೋ ಕಲ್ಲುಗಳನ್ನು ಕಿತ್ತುಕೊಂಡು ಮಠದ ಪಡಸಾಲೆಗೆ ನೆಲಹಾಸು ಮಾಡಿಸಿಬಿಟ್ಟಿದ್ದ. (ಈತ ದೊಡ್ಡ ಗಣಿತಜ್ಞ. ನಕ್ಷತ್ರಗಳ ಚಲನೆ ತೋರಿಸುವ ಗಡಿಯಾರ ಮಾಡಿದವನೆಂದು ವಿಜ್ಞಾನದ ಚರಿತ್ರೆ ಅವನನ್ನು ಹೊಗಳುತ್ತದೆ.) ಮೊಲ ಹಿಡಿಯುವಂತಿಲ್ಲ, ಮೀನು ಹಿಡಿಯುವಂತಿಲ್ಲ. 1381ರ ಜೂನಿನಲ್ಲಿ ವಿಲಿಯಂ ಗ್ರಿಂಡ್‌ಕಾಬ್ ಎಂಬವನ ಮುಂದಾಳುತನದಲ್ಲಿ ಜನ ಮಠಕ್ಕೆ ನುಗ್ಗಿದರು. ನೆಲಹಾಸಿನ ಕಲ್ಲುಗಳನ್ನು ಕಿತ್ತರು. ತಾತ ಮುತ್ತಾತರ ಕಲ್ಲು! ಅವನ್ನು ಒಡೆದು, ಇಗರ್ಜಿಯಲ್ಲಿ ಪ್ರಸಾದದ ರೊಟ್ಟಿ ಹಂಚುವ ಹಾಗೆ ಚೂರುಚೂರು ಮಾಡಿ ಮನೆಗೊಂದು ಚೂರು ಹಂಚಿಕೊಂಡರು.

ಆಮೇಲೆ ಮೊಲದ ಸರದಿ. ಬಯಲಿನಲ್ಲಿ ಒಂದು ಜೀವಂತ ಮೊಲ ಹಿಡಿದರು. ಅಪರಾಧಿಗಳ ಕತ್ತು ಕೈ ಸಿಕ್ಕಿಸಿ ಊರ ನಡುವೆ ನಿಲ್ಲಿಸುವ ಮರದ ಚೌಕಟ್ಟು ಇತ್ತಲ್ಲ, ಅದಕ್ಕೆ ತಂದು ಕಟ್ಟಿದರು. ಇನ್ನು ಮೇಲೆ ಈ ಪ್ರಾಣಿ ಮಠದ್ದಲ್ಲ, ನಮ್ಮೆಲ್ಲರದು ಎಂಬುದಕ್ಕೆ ಗುರುತು. ತಮ್ಮನ್ನು ಶಿಕ್ಷಿಸುತ್ತಿದ್ದ ಮರಕ್ಕೆ ಒಡೆಯನ ಮೊಲವನ್ನು ಕಟ್ಟಿದ ಆ ಜನರಲ್ಲಿ ಹೆಚ್ಚಿನವರು ಓದು ಬರಹ ಇಲ್ಲದವರು. ಅದಕ್ಕಿಂತ ದೊಡ್ಡ ಪ್ರತಿಮೆಯನ್ನು ಕವಿತೆ ಬರೆಯುವ ನಾವು ಇನ್ನೂ ಬರೆದಿಲ್ಲ.

ಇದೆಲ್ಲ ನಮಗೆ ತಿಳಿದಿರುವುದು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗಮ್ ಬರೆದಿಟ್ಟದ್ದರಿಂದ. ದಂಗೆಕೋರರನ್ನು ಶಪಿಸುತ್ತಲೇ ಬರೆದ. ಶತ್ರುವಿನ ಪುಸ್ತಕದಲ್ಲೇ ನಮ್ಮವರನ್ನು ಹುಡುಕಬೇಕಾದ ಗತಿ ನಮಗೆ ಹೊಸದಲ್ಲವಲ್ಲ. ದೊರೆ ರಿಚರ್ಡ್ ಮೊದಲು ಒಪ್ಪಿಗೆ ಪತ್ರ ಕೊಟ್ಟ, ಸೈನ್ಯ ಕೂಡಿಸಿಕೊಂಡ ಮೇಲೆ ಹಿಂದಕ್ಕೆ ಪಡೆದ. ಬಡಪಾದ್ರಿ ಜಾನ್ ಬಾಲ್‌ನನ್ನು ಜುಲೈ 15ರಂದು ಅದೇ ಸೇಂಟ್ ಆಲ್ಬನ್ಸಿನಲ್ಲಿ ಕೊಂದು ತುಂಡರಿಸಿದರು. ಗ್ರಿಂಡ್‌ಕಾಬ್‌ನನ್ನೂ ಗಲ್ಲಿಗೇರಿಸಿದರು. 1390ರಲ್ಲಿ ಒಂದು ಕಾಯಿದೆ ಬಂತು. ವರ್ಷಕ್ಕೆ 40 ಶಿಲ್ಲಿಂಗು ಹುಟ್ಟುವಳಿಯ ಭೂಮಿ ಇಲ್ಲದ ಯಾವನೂ ಬೇಟೆನಾಯಿ ಸಾಕಬಾರದು, ಬಲೆ ಇಟ್ಟುಕೊಳ್ಳಬಾರದು, ಬಿಲದಿಂದ ಮೊಲ ಹೊರಡಿಸುವ ಮುಂಗುಸಿಯಂಥ ಫೆರೆಟ್ ಸಾಕಬಾರದು. ಕಾರಣವನ್ನೂ ಮುಚ್ಚಿಡದೆ ಬರೆದಿದ್ದಾರೆ. ಒಳ್ಳೆಯ ಕ್ರೈಸ್ತರು ಇಗರ್ಜಿಯಲ್ಲಿರುವ ಹಬ್ಬದ ದಿನ ಕೂಲಿಗಳು ಬೇಟೆಯ ನೆಪದಲ್ಲಿ ಸೇರಿ ದಂಗೆಯ ಮಸಲತ್ತು ಮಾಡುತ್ತಾರಂತೆ. ಅವರಿಗೆ ಮೊಲ ಹೋಗುವ ಭಯಕ್ಕಿಂತ ಜನ ಒಂದೆಡೆ ಸೇರುವ ಭಯ ದೊಡ್ಡದು.

ಈ ಕತೆಯನ್ನು ಅವ್ವನಿಗೆ ಹೇಳಿದೆವು. ಅವಳು ಎಲ್ಲ ಕೇಳಿಸಿಕೊಂಡು, 'ಮಠದೋರು ಮೊಲ ತಿಂತಿದ್ರಾ?' ಅಂದಳು. ತಿನ್ನುತ್ತಿದ್ದರು ಅಂದೆವು. 'ಹಂಗಾದ್ರೆ ತಿನ್ನೋದು ತಪ್ಪಾಗಿರಲಿಲ್ಲ, ಇವರು ತಿನ್ನೋದು ತಪ್ಪಾಗಿತ್ತು ಅನ್ನು' ಅಂದು ಒಲೆ ಊದಲು ಎದ್ದಳು.

1549ರಲ್ಲಿ ನಾರ್ಫಕ್ ಸೀಮೆಯಲ್ಲಿ ಮತ್ತೊಂದು ದಂಗೆ. ರಾಬರ್ಟ್ ಕೆಟ್ ಅದರ ನಾಯಕ. ನಾರ್ವಿಚ್ ಪಟ್ಟಣದ ಹೊರಗಿನ ಮೌಸ್‌ಹೋಲ್ಡ್ ಬಯಲಿನಲ್ಲಿ ಸಾವಿರಾರು ಜನ ಬೀಡುಬಿಟ್ಟು 29 ಬೇಡಿಕೆಗಳ ಪಟ್ಟಿ ಬರೆದರು. ಜೀತದವರೆಲ್ಲ ಬಿಡುಗಡೆಯಾಗಲಿ ಎಂಬ ದೊಡ್ಡ ಮಾತಿನ ಜೊತೆಗೇ ಅದರಲ್ಲಿ ಮೊಲದ ಮಾತೂ ಇದೆ. ತಮ್ಮ ಭೂಮಿಯಲ್ಲಿ ಮೊಲ ಇಟ್ಟುಕೊಳ್ಳುವವರು ಊರಿಗೆ ಉಪದ್ರವ ಆಗದ ಹಾಗೆ ಬೇಲಿ ಹಾಕಿಕೊಳ್ಳಬೇಕು ಎಂಬುದು. ಇದರ ಒಳಗಿನ ಕುಹಕ ನೋಡಿ. ಆ ಕಾಲದಲ್ಲಿ ಜಮೀನ್ದಾರರು ಕುರಿ ಉಣ್ಣೆಯ ಲಾಭಕ್ಕಾಗಿ ಊರ ಗೋಮಾಳಕ್ಕೆಲ್ಲ ಬೇಲಿ ಬಿಗಿಯುತ್ತಿದ್ದರು. ಜನರಿಗೆ ಬೇಲಿ, ಮೊಲಕ್ಕೆ ಬಯಲು. ಡಿಸೆಂಬರಿನಲ್ಲಿ ಕೆಟ್‌ನನ್ನು ನಾರ್ವಿಚ್ ಕೋಟೆಯ ಗೋಡೆಗೆ ನೇಣು ಹಾಕಿದರು.

ಆಮೇಲಿನ ಕಾಯಿದೆಗಳನ್ನು ಬೇಗ ಹೇಳಿ ಮುಗಿಸುತ್ತೇವೆ, ಒಂದರ ಮುಖ ಇನ್ನೊಂದಕ್ಕೆ ಹಾಗೆಯೇ ಹೋಲುತ್ತದೆ. 1723ರ ಕರಾಳ ಕಾಯಿದೆ, ಬ್ಲ್ಯಾಕ್ ಆಕ್ಟ್ ಎಂಬುದು, ಮುಖಕ್ಕೆ ಮಸಿ ಬಳಿದುಕೊಂಡು ಆಯುಧ ಸಮೇತ ಮೊಲದ ಕಾವಲಿಗೆ ನುಗ್ಗಿದವನಿಗೆ ಮರಣದಂಡನೆ ಎಂದಿತು. ಇ. ಪಿ. ಥಾಮ್ಸನ್ 1975ರಲ್ಲಿ ಒಂದು ಇಡೀ ಪುಸ್ತಕವನ್ನೇ ಈ ಕಾಯಿದೆಯ ಮೇಲೆ ಬರೆದಿದ್ದಾನೆ. 1828ರ ರಾತ್ರಿಬೇಟೆ ಕಾಯಿದೆಯಲ್ಲಿ ಮೊಲ ಎಂಬ ಪದವನ್ನೇ ಹೆಸರಿಸಿದ್ದಾರೆ. ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು, ಎರಡನೆಯ ಸಲ ಆರು ತಿಂಗಳು, ಮೂರನೆಯ ಸಲವಾದರೆ ಏಳು ವರ್ಷ ಗಡೀಪಾರು. ಗಡೀಪಾರು ಎಂದರೆ ಆಸ್ಟ್ರೇಲಿಯಾ. ಅದೇ ಆಸ್ಟ್ರೇಲಿಯಾಕ್ಕೆ 1859ರ ಕ್ರಿಸ್‌ಮಸ್ ದಿನ ಥಾಮಸ್ ಆಸ್ಟಿನ್ ಎಂಬ ಭೂಮಾಲೀಕನು ಬೇಟೆಯ ಖುಷಿಗೆಂದು ಇಂಗ್ಲೆಂಡಿನಿಂದ 24 ಮೊಲಗಳನ್ನು ಹಡಗಿನಲ್ಲಿ ತರಿಸಿದ. ಅವುಗಳ ಸಂತತಿ ಒಂದು ಖಂಡವನ್ನೇ ಮೇಯ್ದು ಬೋಳು ಮಾಡಿತು. ಮೊಲ ಕದ್ದವನೂ ಆಸ್ಟ್ರೇಲಿಯಾಕ್ಕೆ, ಮೊಲವೂ ಆಸ್ಟ್ರೇಲಿಯಾಕ್ಕೆ! ಒಬ್ಬ ಸಂಕೋಲೆಯಲ್ಲಿ ಹೋದ, ಇನ್ನೊಂದು ಅತಿಥಿಯಾಗಿ ಹೋಯಿತು.

ಗೆಳೆಯರೇ, ಮನೆಯ ಗೂಡಿನ ಕತೆ ಇಲ್ಲಿಗೆ ಬಂದು ಸೇರುತ್ತದೆ. 1760ರಿಂದಾಚೆಗೆ ಪಾರ್ಲಿಮೆಂಟು ಸಾವಿರಾರು ಬೇಲಿ ಕಾಯಿದೆಗಳನ್ನು ಮಾಡಿ ಊರ ಗೋಮಾಳಗಳನ್ನು ಜಮೀನ್ದಾರರಿಗೆ ಹಂಚಿಬಿಟ್ಟಿತು. ಗೋಮಾಳ ಹೋದ ಮೇಲೆ ಕೂಲಿಯವನ ಹಸು ಹೋಯಿತು, ಬಾತು ಹೋಯಿತು, ಸೌದೆ ಹೋಯಿತು. ಕಾಡಿನ ಮೊಲ ಮುಟ್ಟಿದರೆ ಜೈಲು. ಇನ್ನು ಉಳಿದದ್ದು ಗುಡಿಸಲಿನ ಹಿಂದಿನ ನಾಲ್ಕು ಅಡಿ ಜಾಗ, ಹಳೆಯ ಹಲಗೆ, ರಸ್ತೆಬದಿಯ ಕಳೆ. ಅಷ್ಟರಲ್ಲಿ ಮಾಂಸ ಕೊಡುವ ಪ್ರಾಣಿ ಯಾವುದು? ಗೂಡಿನ ಮೊಲ. ಅದು ಕೂಗುವುದಿಲ್ಲ, ಮೇಯಲು ಹೊರಗೆ ಬಿಡಬೇಕಿಲ್ಲ. ಎಲೆಕೋಸಿನ ಹೊರ ಎಲೆ, ಗೆಡ್ಡೆಯ ಸಿಪ್ಪೆ, ಬೇಲಿಯ ಸೊಪ್ಪು ತಿನ್ನುತ್ತದೆ. ಗಬ್ಬ ನಿಂತರೆ 31 ದಿನಕ್ಕೆ ಮರಿ. ಒಂದು ಸೂಲಿಗೆ ಆರೋ ಎಂಟೋ. ಮರಿ ಹಾಕುವ ಮೊದಲು ತಾಯಿ ತನ್ನ ಹೊಟ್ಟೆಯ ಕೂದಲನ್ನು ತಾನೇ ಕಿತ್ತು ಮರಿಗೆ ಹಾಸಿಗೆ ಮಾಡುತ್ತದೆ. ಇದನ್ನು ಮೊದಲ ಸಲ ಕಂಡಾಗ ಅವ್ವ ಮೊಲಕ್ಕೆ ಕಜ್ಜಿ ಹತ್ತಿತೆಂದು ಬೇವಿನೆಣ್ಣೆ ಹುಡುಕಿಕೊಂಡು ಓಡಿದ್ದಳು. ತಿಂಗಳು ತುಂಬಿದ ಮೇಲೆ ಮರಿಯನ್ನು ತಾಯಿಯಿಂದ ಬಿಡಿಸಿ ಬೇರೆ ಇಟ್ಟರೆ ಮೂರು ತಿಂಗಳಿಗೆ ಸುಮಾರು ಎರಡು ಕೆ.ಜಿ. ತೂಗುತ್ತದೆ. ಒಂದು ಎಚ್ಚರ: ಹೆಣ್ಣನ್ನೇ ಗಂಡಿನ ಗೂಡಿಗೆ ಬಿಡಬೇಕು. ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಅದು ತನ್ನ ಮನೆ ಕಾಯ್ದುಕೊಳ್ಳಲು ಕಚ್ಚಾಡುತ್ತದೆ.

1821-22ರಲ್ಲಿ ವಿಲಿಯಂ ಕಾಬೆಟ್ ಎಂಬ ಪತ್ರಕರ್ತ ಕೂಲಿಯವರಿಗಾಗಿ 'ಕಾಟೇಜ್ ಎಕಾನಮಿ' ಎಂಬ ಪುಸ್ತಕ ಬರೆದ. ಸಣ್ಣ ರೈತನ ಮಗ, ಹೊಲದಲ್ಲಿ ಹಕ್ಕಿ ಓಡಿಸಿಕೊಂಡು ಬೆಳೆದವನು, ತಾನೇ ಓದಿಕೊಂಡವನು. ಸಿಪಾಯಿಗಳನ್ನು ಚಾಟಿಯಿಂದ ಹೊಡೆದದ್ದರ ವಿರುದ್ಧ ಬರೆದದ್ದಕ್ಕೆ 1810ರಿಂದ ಎರಡು ವರ್ಷ ಜೈಲಿನಲ್ಲಿದ್ದವನು. ಆ ಪುಸ್ತಕದಲ್ಲಿ ರೊಟ್ಟಿ, ಹಂದಿ, ಹಸು, ಜೇನಿನ ಜೊತೆಗೆ ಮೊಲದ ಲೆಕ್ಕವೂ ಇದೆ. ಮೂರು ಹೆಣ್ಣು, ಒಂದು ಗಂಡು ಇದ್ದರೆ ವರ್ಷವಿಡೀ ಮೂರು ದಿನಕ್ಕೊಂದು ಮೊಲ ಊಟಕ್ಕೆ ಸಿಗುತ್ತದೆ ಎನ್ನುತ್ತಾನೆ. ಕಾಡುಪ್ರಾಣಿಯ ಹಿಂದೆ ಓಡಿ, ಬಟ್ಟೆ ಹರಿದುಕೊಂಡು, ಅಪಾಯಕ್ಕೆ ಸಿಕ್ಕಿಕೊಳ್ಳುವವನಿಗೆ ಇಷ್ಟು ಸಿಗಲಾರದು ಎಂದೂ ಸೇರಿಸುತ್ತಾನೆ. ಮೂರು ಹೆಣ್ಣು, ಒಂದು ಗಂಡು! ನಮ್ಮ ಹಟ್ಟಿಗೆ ಬಂದದ್ದೂ ಅದೇ ಲೆಕ್ಕ. ಇನ್ನೂರು ವರ್ಷದಲ್ಲಿ ಅಂಕಿ ಬದಲಾಗಿಲ್ಲ. (ಟೀ ಕುಡಿಯುವವರು ಹಾಳಾಗುತ್ತಾರೆ ಎಂದೂ ಅದೇ ಪುಸ್ತಕದಲ್ಲಿ ಬೈದಿದ್ದಾನೆ. ಆ ಒಂದು ವಿಷಯದಲ್ಲಿ ನಾವು ಕಾಬೆಟ್‌ನ ಜೊತೆಗಿಲ್ಲ.)

ಕಾಬೆಟ್‌ನ ಮೇಲೆ ನಮಗೆ ಪ್ರೀತಿಯಿದೆ. ಆದರೂ ಒಂದು ಮಾತು ಹೇಳದೆ ಬಿಡಲಾಗದು. ಅವನ ಸಲಹೆಯನ್ನು ಕೂಲಿಯವನು ಕೇಳಿದ್ದು ಹೊಟ್ಟೆಗೆ. ಜಮೀನ್ದಾರನಿಗೂ ಅದು ಹಿತವಾಗಿಯೇ ಕೇಳಿಸಿರಬೇಕು. ಗೂಡಿನಲ್ಲಿ ಮೊಲ ಇರುವವನು ರಾತ್ರಿ ಕಾವಲಿಗೆ ನುಗ್ಗುವುದಿಲ್ಲವಲ್ಲ. ಬೇಲಿ ಕಿತ್ತುಹಾಕಿ ಎಂದು ಕೆಟ್‌ನ ಕಾಲದಲ್ಲಿ ಕೇಳಿದವರ ಮೊಮ್ಮಕ್ಕಳು ಈಗ ಬೇಲಿಯ ಈಚೆ ಕೂತು ಬೇಲಿಯ ಸೊಪ್ಪನ್ನೇ ಕುಯ್ದು ಮೊಲಕ್ಕೆ ಹಾಕುವಂತಾಯಿತು. ನೆಲ ಕೇಳಿದವನ ಕೈಗೆ ಗೂಡು ಬಂತು. ಅದು ಹಸಿವು ಇಂಗಿಸಿತು ಎಂಬುದೂ ನಿಜ, ನಾವೇ ತಿಂದಿದ್ದೇವೆ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ನಾವೂ ಆ ಎರಡು ಗ್ರೆಗರಿಗಳನ್ನು ಒಂದು ಮಾಡಿದವರ ಸಾಲಿಗೆ ಸೇರುತ್ತೇವೆ.

ಮೊಲ ತಿಂದ ಮೇಲೆ ಚರ್ಮ ಉಳಿಯುತ್ತದೆ. ಚರ್ಮ ಎಂದ ಕೂಡಲೇ ನಮ್ಮ ಓದುಗರ ಕಿವಿ ನಿಮಿರುತ್ತದೆ, ಗೊತ್ತು. 1851ರಲ್ಲಿ ಹೆನ್ರಿ ಮೇಹ್ಯೂ ಎಂಬವನು ಲಂಡನ್ನಿನ ಬೀದಿಯ ದುಡಿಮೆಗಾರರನ್ನು ಒಬ್ಬೊಬ್ಬರಾಗಿ ಮಾತನಾಡಿಸಿ ಬರೆದ. ಮೊಲದ ಚರ್ಮ ಕೊಳ್ಳುತ್ತ ಮನೆಮನೆ ತಿರುಗುವವರು ಬಡವರು, ಮುದುಕರು, ಬೇರೆ ಕೆಲಸ ಕೈಲಾಗದವರು ಎಂದಿದ್ದಾನೆ. ಆ ಚರ್ಮದ ಕೂದಲು ಟೋಪಿ ಕಾರ್ಖಾನೆಗೆ ಹೋಗುತ್ತಿತ್ತು. ಕೂದಲು ಒಂದಕ್ಕೊಂದು ಹೆಣೆದು ಕಂಬಳಿಯಂತಾಗಲು ಅದಕ್ಕೆ ಪಾದರಸದ ದ್ರಾವಣ ಬಳಿಯಬೇಕು. ಅದರ ಹಬೆ ಕುಡಿದ ಟೋಪಿ ಕೆಲಸಗಾರರ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಬುದ್ಧಿ ಕೆಡುತ್ತಿತ್ತು. ಇಂಗ್ಲಿಷಿನಲ್ಲಿ ಹುಚ್ಚನನ್ನು ಟೋಪಿಯವನಿಗೆ ಹೋಲಿಸುವ ನುಡಿಗಟ್ಟಿದೆ. ಜನ ಅದನ್ನು ಹೇಳಿ ನಗುತ್ತಾರೆ.

ಡಾರ್ವಿನ್ ಗೂಡಿನ ಮೊಲಗಳ ತಲೆಬುರುಡೆ ಅಳೆದು ನೋಡಿದ್ದ. 1868ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತಲೆಮಾರುಗಳಿಂದ ಗೂಡಿನಲ್ಲಿ ಕೂತ ಮೊಲದ ಮಿದುಳು ದೇಹದ ಗಾತ್ರಕ್ಕೆ ಹೋಲಿಸಿದರೆ ಕಾಡಿನ ಮೊಲದ್ದಕ್ಕಿಂತ ಚಿಕ್ಕದು ಎಂದು ಬರೆದ. ಅದನ್ನು ಓದಿದ ದಿನ ನಾವು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆವು.

ಫ್ರಾನ್ಸಿನಲ್ಲಿ ಕತೆ ಬೇರೆ ದಾರಿ ಹಿಡಿಯಿತು. 1789ರ ಆಗಸ್ಟ್ 4ರ ರಾತ್ರಿ ಪ್ಯಾರಿಸ್ಸಿನ ಹತ್ತಿರದ ವರ್ಸೈನಲ್ಲಿ ಕೂತ ಸಭೆ ಊಳಿಗಮಾನ್ಯ ಹಕ್ಕುಗಳನ್ನು ಒಂದೊಂದಾಗಿ ಕಿತ್ತುಹಾಕಿತು. ಬೇಟೆಯ ಏಕಸ್ವಾಮ್ಯ, ಬೇಲಿಯಿಲ್ಲದ ಮೊಲದ ಕಾವಲು ಇಟ್ಟುಕೊಳ್ಳುವ ಹಕ್ಕು, ಎರಡೂ ಆ ಪಟ್ಟಿಯಲ್ಲಿದ್ದವು. ಇಂಗ್ಲೆಂಡಿನ ಗೇಣಿದಾರನಿಗೆ ತನ್ನ ಹೊಲ ತಿನ್ನುವ ಮೊಲವನ್ನು ಕೊಲ್ಲುವ ಹಕ್ಕು ಖಚಿತವಾಗಿ ಸಿಗಲು 1880 ಆಗಬೇಕಾಯಿತು. ಗೂಡಿನ ಮೊಲ ಫ್ರಾನ್ಸಿನ ಹಳ್ಳಿಮನೆಯ ಹಿತ್ತಲಿನ ಸಾಮಾನ್ಯ ಜೀವವಾಯಿತು. ಸಾಕುವುದು ಮನೆಯ ಹೆಂಗಸರ ಪಾಲಿಗೆ ಬಂತು.

ಆದರೆ ಒಡೆಯರ ಕಾಲ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. 1952ರ ಜೂನಿನಲ್ಲಿ ಅರ್ಮಾಂ-ದೆಲೀಲ್ ಎಂಬ ನಿವೃತ್ತ ವೈದ್ಯ, ಮೈಲೆಬ್ವಾ ಎಂಬಲ್ಲಿ ಗೋಡೆ ಕಟ್ಟಿದ ದೊಡ್ಡ ಎಸ್ಟೇಟಿನ ಧಣಿ, ತನ್ನ ತೋಟದ ಕಾಟ ಕಳೆಯಲೆಂದು ಎರಡು ಮೊಲಗಳಿಗೆ ಮಿಕ್ಸೊಮಟೋಸಿಸ್ ಎಂಬ ರೋಗದ ಸೋಂಕು ಚುಚ್ಚಿ ಬಿಟ್ಟ. ಗೋಡೆ ಇದೆ, ಹೊರಗೆ ಹೋಗದು ಎಂದುಕೊಂಡ. ಸೊಳ್ಳೆ, ಚಿಗಟಕ್ಕೆ ಗೋಡೆಯೇ? ಎರಡೇ ವರ್ಷದಲ್ಲಿ ಫ್ರಾನ್ಸಿನ ಕಾಡುಮೊಲಗಳಲ್ಲಿ ಬಹುಪಾಲು ಸತ್ತವು. ರೋಗ ಹಳ್ಳಿಮನೆಗಳ ಗೂಡಿಗೂ ನುಗ್ಗಿತು. ಕಣ್ಣು ಊದಿ, ಕೀವು ತುಂಬಿ, ಕುರುಡಾಗಿ ಸಾಯುವ ಮೊಲಗಳನ್ನು ಹೆಂಗಸರು ಹೂಳಬೇಕಾಯಿತು. 1953ರಲ್ಲಿ ಅದು ಇಂಗ್ಲೆಂಡನ್ನೂ ಮುಟ್ಟಿತು. ಕೋರ್ಟು 1955ರಲ್ಲಿ ಆ ಧಣಿಗೆ 5000 ಫ್ರಾಂಕು ದಂಡ ಹಾಕಿತು. ಮರುವರ್ಷ, 1956ರಲ್ಲಿ, ಅದೇ ಕೆಲಸಕ್ಕೆ ಅವನಿಗೆ ಚಿನ್ನದ ಪದಕ ಕೊಟ್ಟು ಗೌರವಿಸಿದರು. ನಾವು ಇದನ್ನು ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆವು.

ಇದರ ನಡುವೆ ಯುದ್ಧ. 1940ರ ಮಾರ್ಚಿನಲ್ಲಿ ಇಂಗ್ಲೆಂಡಿನಲ್ಲಿ ಮಾಂಸಕ್ಕೆ ರೇಷನ್ ಬಂತು, 1954ರ ಜುಲೈವರೆಗೆ ಇತ್ತು. ಮೊಲದ ಮಾಂಸಕ್ಕೆ ಮಾತ್ರ ರೇಷನ್ ಚೀಟಿ ಬೇಕಿರಲಿಲ್ಲ. ಮುನ್ನೂರು ನಾನೂರು ವರ್ಷ ಮೊಲಕ್ಕಾಗಿ ಬಡವನನ್ನು ಜೈಲಿಗಟ್ಟಿದ ಅದೇ ಸರಕಾರ ಈಗ ಮೊಲ ಸಾಕಿ ಎಂದು ಕರಪತ್ರ ಹಂಚಿತು. ಬೀದಿಬೀದಿಯಲ್ಲಿ ಮೊಲದ ಕ್ಲಬ್ಬುಗಳಾದವು. ಸದಸ್ಯರಿಗೆ ಸರಕಾರವೇ ಗೋಧಿ ಹೊಟ್ಟು ಕೊಟ್ಟಿತು, ಬದಲಿಗೆ ಮರಿಗಳಲ್ಲಿ ಒಂದು ಪಾಲನ್ನು ಮಾರಾಟಕ್ಕೆ ಕೊಡಬೇಕು ಎಂದಿತು. ಶಾಲೆಯ ಮಕ್ಕಳು ರಸ್ತೆಬದಿಯಲ್ಲಿ ಸೊಪ್ಪು ಕುಯ್ದು ಚೀಲ ತುಂಬಿದರು. ಆಗ ಯಾರೂ 'ಯಾರ ಬದು ಅದು' ಎಂದು ಕೂಗಿರಲಿಕ್ಕಿಲ್ಲ, ಹಸಿವು ಧಣಿಗಳ ಮನೆಗೂ ಬಂದಿತ್ತು. ರೇಷನ್ ಮುಗಿಯಿತು, ಕಾಡುಮೊಲದ ರೋಗದ ಹೇಸಿಗೆ ಗೂಡಿನ ಮೊಲಕ್ಕೂ ತಟ್ಟಿತು, ಇಂಗ್ಲೆಂಡಿನವರು ಮೊಲ ತಿನ್ನುವುದನ್ನೇ ಕಡಿಮೆ ಮಾಡಿದರು. ಈಗ ಅಲ್ಲಿ ಮೊಲ ಹೆಚ್ಚಾಗಿ ಮಕ್ಕಳ ಮುದ್ದಿನ ಪ್ರಾಣಿ. 1986ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮೊಲ ಸಾಕಣೆಯ ಮೇಲೆ ದಪ್ಪ ಪುಸ್ತಕ ತಂದು, ಬಡ ದೇಶಗಳ ಹಿತ್ತಲಿಗೆ ಇದು ತಕ್ಕ ಪ್ರಾಣಿ ಎಂದಿತು. ಆ ದಾರಿಯಲ್ಲೇ ಅದು ನಡೆಯುತ್ತ ನಡೆಯುತ್ತ ನಮ್ಮ ಶೀಟಿನ ಮಾಡಿನ ಕೆಳಗೆ ಬಂದು ಕೂತದ್ದು.

ಗೂಡು ಈಗಲೂ ಹಿತ್ತಲಲ್ಲಿದೆ. ನಡುವೆ ಐದಾರು ವರ್ಷ ಅದರಲ್ಲಿ ಕೋಳಿ ಕವುಚುತ್ತಿದ್ದೆವು. ಹೋದ ಮಳೆಗಾಲದಲ್ಲಿ ಅವ್ವ ಯಾರದೋ ಮನೆಯಿಂದ ಒಂದು ಹೆಣ್ಣು ಮೊಲ ತಂದಿದ್ದಾಳೆ. ಸರಕಾರದ್ದಲ್ಲ, ದುಡ್ಡು ಕೊಟ್ಟು ತಂದದ್ದು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಮಧ್ಯಾಹ್ನ ಒದ್ದೆ ಗೋಣಿಚೀಲ ಇಳಿಬಿಡುವುದನ್ನು ತಾನೇ ಕಲಿತಿದ್ದಾಳೆ. ಪಕ್ಕದ ಊರಿನಲ್ಲಿ ಗಂಡು ಇದೆಯಂತೆ, ಬೇಸಿಗೆ ಕಳೆದ ಮೇಲೆ ಒಯ್ದು ಬಿಡಬೇಕು ಎನ್ನುತ್ತಾಳೆ. ರೇಷ್ಮೆ ಸಾಕುವ ಮನೆಯವರು ಹುಳ ತಿಂದು ಬಿಟ್ಟ ಹಿಪ್ಪನೇರಳೆ ಕಡ್ಡಿಯನ್ನು ತಿಪ್ಪೆಗೆ ಎಸೆಯುವ ಮೊದಲು ಇವಳಿಗೆ ಕೊಡುತ್ತಾರೆ. ಅದು ಸಿಗದ ದಿನ ಸಂಜೆ ಕುಡುಗೋಲು ತೆಗೆದುಕೊಂಡು ಹೊರಡುತ್ತಾಳೆ. ಯಾರ ಬದುವಿಗೂ ಹೋಗುವುದಿಲ್ಲ, ಟಾರು ರಸ್ತೆಯ ಅಂಚಿನಲ್ಲೇ ಬಗ್ಗಿ ಕುಯ್ಯುತ್ತಾಳೆ. ಲಾರಿ ಬಂದರೆ ಒಂದು ಹೆಜ್ಜೆ ಚರಂಡಿಗೆ ಇಳಿದು ನಿಂತು, ಅದು ದಾಟಿದ ಮೇಲೆ ಮತ್ತೆ ಮೇಲೆ ಬರುತ್ತಾಳೆ.